ಹಾರ್ಮೋನಿಯಂ ಹೋಯಿತು, ಕೊಕ್ಕರೆ ಬಂತು: ಹಳೇ ವಾದ್ಯಗಳಿಂದ ಶಿಲ್ಪ ಮಾಡುವುದು ಹೇಗೆ?

"ಅಟ್ಟದ ಮೇಲೆ ತಾತನ ಹಾರ್ಮೋನಿಯಂ ಇದೆ. ತಿದಿ ಹರಿದಿದೆ, ಇಲಿ ಗೂಡು ಕಟ್ಟಿದೆ. ಎಸೆಯೋಕೆ ಮನಸ್ಸಿಲ್ಲ, ಇಟ್ಟುಕೊಳ್ಳೋಕೆ ಜಾಗ ಇಲ್ಲ. ಏನಾದ್ರೂ ಮಾಡಬಹುದಾ?" ಇಂಥ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೆಲವರ ಮನೆಯಲ್ಲಿ ಹಾರ್ಮೋನಿಯಂ ಬದಲು ತೂತಾದ ತಬಲಾ, ಇನ್ನು ಕೆಲವರ ಮನೆಯಲ್ಲಿ ಬ್ಯಾಂಡ್ ಸೆಟ್ಟಿನ ಸೊಟ್ಟ ಟ್ರಂಪೆಟ್. ಹಿಂದೆಯೇ ಇನ್ನೆರಡು ಪ್ರಶ್ನೆ ಗ್ಯಾರಂಟಿ: ಯಾವ ಅಂಟು ಹಾಕಬೇಕು? ವೆಲ್ಡಿಂಗ್ ಬರದವರು ಮಾಡಬಹುದಾ?

ಮಾಡಬಹುದು. ಅಂಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಸುಮ್ನೆ ಮೇಲುಮೇಲಿನ ಸಲಹೆ ಕೊಟ್ಟರೆ ಪ್ರಯೋಜನವಿಲ್ಲ. ಅದಕ್ಕೇ ಒಂದೇ ಒಂದು ಶಿಲ್ಪವನ್ನು ಮೊದಲಿಂದ ಕೊನೆತನಕ ಹೇಗೆ ಕಟ್ಟುವುದು ಅಂತ ಹೇಳುತ್ತೇನೆ. ಅದು ಬಣ್ಣದ ಕೊಕ್ಕರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಪಕ್ಕದ ಮರದಲ್ಲೇ ಗೂಡು ಕಟ್ಟುತ್ತದಲ್ಲ, ಅದೇ ಹಕ್ಕಿ. ರೆಕ್ಕೆ ಕಪ್ಪು-ಬಿಳುಪು, ಕೊಕ್ಕು ಹಳದಿ, ಕಾಲು ನಸುಗೆಂಪು, ಬಾಲದ ಹತ್ತಿರ ಗುಲಾಬಿ. ಈಗ ನಿಮ್ಮ ಗುಜರಿ ರಾಶಿಯತ್ತ ನೋಡಿ. ಹಾರ್ಮೋನಿಯಂ ಕೀಗಳು ಕಪ್ಪು-ಬಿಳುಪು, ಕೊಳಲು ಹಳದಿ, ತಾಮ್ರದ ಕೊಳವೆ ನಸುಗೆಂಪು. ಬಣ್ಣದ ಡಬ್ಬಿ ತೆರೆಯುವ ಕೆಲಸವೇ ಇಲ್ಲ, ಅಲ್ವಾ?

ಮುಗಿದಾಗ ಎತ್ತರ ಸುಮಾರು ಮೂರಡಿ ಆಗುತ್ತದೆ, ಹೆಚ್ಚುಕಡಿಮೆ ನಿಜವಾದ ಹಕ್ಕಿಯಷ್ಟೇ. ಎರಡು ವಾರಾಂತ್ಯದ ಕೆಲಸ.

ಬಿಚ್ಚುವ ಮುಂಚೆ: ಇದು ನಿಜವಾಗಿ ಸತ್ತಿದೆಯಾ?

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ನುಡಿಸಲು ಬರುವ ವಾದ್ಯವನ್ನು ಒಡೆದು ಬೊಂಬೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅರ್ಮಾನ್ ಎಂಬ ಫ್ರೆಂಚ್ ಕಲಾವಿದ (1928–2005) ಪಿಟೀಲುಗಳನ್ನು ಬೇಕೆಂದೇ ಒಡೆದು, ಹೋಳು ಮಾಡಿ ಕಲಾಕೃತಿ ಮಾಡಿದ. ಅದು ಅವನ ದಾರಿ. ನಮ್ಮಲ್ಲಿ ಆಯುಧಪೂಜೆ ದಿನ ವಾದ್ಯಕ್ಕೆ ಅರಿಶಿನ-ಕುಂಕುಮ ಇಟ್ಟು, ಅವತ್ತು ಮುಟ್ಟದೆ ಬಿಡುವ ಮನೆಗಳಿವೆ. ಮನೆಯ ಹಿರಿಯರನ್ನು ಒಂದು ಮಾತು ಕೇಳಿ. "ತಗೊಂಡು ಹೋಗಪ್ಪ" ಅಂದರೆ ಮುಂದುವರಿಯಿರಿ.

ಆಮೇಲೆ ರಿಪೇರಿ ಮಾಡುವವರಿಗೆ ತೋರಿಸಿ. ಬೆಂಗಳೂರಿನಲ್ಲಾದರೆ ಬಳೇಪೇಟೆಯಲ್ಲಿ ವಾದ್ಯದ ಅಂಗಡಿಗಳ ಸಾಲೇ ಇದೆ. ಹಾರ್ಮೋನಿಯಂ ಆದರೆ ಅವರು ಮೊದಲು ನೋಡುವುದು ರೀಡನ್ನು. ರೀಡ್ ಅಂದರೆ ಗಾಳಿ ಬಡಿದಾಗ ನಡುಗಿ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿ. ಇವತ್ತು ಹೆಚ್ಚಾಗಿ ಬಳಸುವುದು ಗುಜರಾತಿನ ಪಾಲಿಟಾಣಾದಲ್ಲಿ ತಯಾರಾದ ರೀಡುಗಳನ್ನು. ಆದರೆ ತುಂಬ ಹಳೇ ಪೆಟ್ಟಿಗೆಗಳಲ್ಲಿ ಜರ್ಮನಿಯ ಇಲ್ಲವೇ ಪ್ಯಾರಿಸ್ಸಿನ ರೀಡುಗಳು ಇರುತ್ತವೆ. ಅವುಗಳಿಗೆ ಈಗಲೂ ಬೇಡಿಕೆ ಇದೆ. ಅಂಥದ್ದು ಸಿಕ್ಕರೆ ರೀಡುಗಳನ್ನು ರಿಪೇರಿಯವರಿಗೇ ಕೊಟ್ಟುಬಿಡಿ. ಅವು ಇನ್ನೊಂದು ಪೆಟ್ಟಿಗೆಯಲ್ಲಿ ಹಾಡಲಿ. ಬದಲಿಗೆ ಅವರ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಕೆಟ್ಟ ರೀಡು, ಮುರಿದ ಕೀ, ಹಳೇ ಗುಬುಟುಗಳನ್ನು ಕೇಳಿ ತನ್ನಿ.

ಮುಟ್ಟಲೇಬಾರದ ಕೆಲವು ವಸ್ತುಗಳಿವೆ:

ದಂತ. ಹಳೇ ವೀಣೆಗಳ ಅಲಂಕಾರದಲ್ಲಿ, ಹಳೇ ಪಿಯಾನೋಗಳ ಬಿಳಿ ಕೀಗಳಲ್ಲಿ ಆನೆದಂತ ಇರಬಹುದು. ಹಳೇ ಸಿತಾರಿನ ಕುದುರೆ, ಅಂದರೆ ತಂತಿ ಹಾಯುವ ಚಿಕ್ಕ ಸೇತುವೆ, ಜಿಂಕೆ ಜಾತಿಯ ಕೊಂಬಿನದ್ದಾಗಿರಬಹುದು. ಹಳೇ ಖಂಜಿರಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಕೊಳ್ಳುವುದು, ಮಾರುವುದು ಅಪರಾಧ. ಗುಜರಿಯವರು "ಒರಿಜಿನಲ್ ಸಾರ್" ಅಂತ ಹೆಮ್ಮೆಯಿಂದ ತೋರಿಸಿದರೆ ಕೈ ಮುಗಿದು ಬನ್ನಿ.

ನೂರು ವರ್ಷ ದಾಟಿದ ವಾದ್ಯ. ಅದು ಪುರಾತನ ವಸ್ತುಗಳ ಕಾನೂನಿಗೆ ಸೇರಬಹುದು. ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆ ಇದ್ದರೆ ಇದು ನೆನಪಿರಲಿ. ಅಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವ ಹಾಗಿಲ್ಲ.

ಪಿಯಾನೋ. ಒಳಗಿನ ತಂತಿಗಳ ಒಟ್ಟು ಎಳೆತ ಹದಿನೈದು-ಇಪ್ಪತ್ತು ಟನ್ ಇರುತ್ತದೆ. ಮನೆಯಲ್ಲಿ ಬಿಚ್ಚುವ ಸಾಮಾನಲ್ಲ ಅದು.

ಇನ್ನು "ಆಂಟಿಕ್ ಗ್ರಾಮಫೋನ್" ಅಂತ ಫಳಫಳ ಹೊಳೆಯುವ ಪೆಟ್ಟಿಗೆಗಳು ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಈಚೆಗೆ ಜೋಡಿಸಿದವು. ಸಂಗ್ರಹಕಾರರಿಗೆ ಅದು ಮೋಸ. ನಮಗೆ ಒಂಥರಾ ವರ! ಅದರ ಕಹಳೆಯನ್ನು ಯಾವ ಪಾಪಪ್ರಜ್ಞೆಯೂ ಇಲ್ಲದೆ ಕತ್ತರಿಸಬಹುದು.

ಬೇಕಾಗುವ ಸಾಮಾನು

ರೆಕ್ಕೆಗೆ ಒಂದು ಹಾಳಾದ ಹಾರ್ಮೋನಿಯಂ. ಮೈಗೆ ಡಗ್ಗಾದ ಲೋಹದ ಚಿಪ್ಪು. ತಬಲಾ ಜೋಡಿಯಲ್ಲಿ ಎಡಗೈಗೆ ಬರುವ ಗುಂಡನೆಯದ್ದೇ ಡಗ್ಗಾ. ಕುತ್ತಿಗೆಗೆ ತಗ್ಗು-ಸೊಟ್ಟು ಬಿದ್ದ ಟ್ರಂಪೆಟ್. ತಲೆಗೆ ಒಂದು ಜೊತೆ ಚಿಕ್ಕ ಕೈತಾಳ. ಕೊಕ್ಕಿಗೆ ಸೀಳಿದ ಕೊಳಲು. ಡಗ್ಗಾ ಕೂರಿಸುವ ಬಟ್ಟೆಯ ಸಿಂಬಿಯನ್ನೂ ಬಿಡಬೇಡಿ, ಅದಕ್ಕೆ ಒಳ್ಳೇ ಕೆಲಸವಿದೆ.

ವಾದ್ಯವಲ್ಲದ ಸಾಮಾನು: ಎಸಿ ರಿಪೇರಿಯವರು ಬಿಟ್ಟುಹೋದ ಅರ್ಧ ಇಂಚಿನ ತಾಮ್ರದ ಕೊಳವೆ, 10 ಮಿ.ಮೀ. ದಪ್ಪದ ಒಂದು ಮೀಟರ್ ಥ್ರೆಡ್ ರಾಡ್ (ಉದ್ದಕ್ಕೂ ಸ್ಕ್ರೂ ಹಾಗೆ ಸುತ್ತುಗೀರು ಇರುವ ಕಬ್ಬಿಣದ ಸರಳು), ಎರಡು ಹಳೇ ಸ್ಪ್ಯಾನರ್, 12 ಮಿ.ಮೀ. ಪ್ಲೈವುಡ್ ತುಂಡು, ಗ್ರಾನೈಟ್ ಅಂಗಡಿಯಲ್ಲಿ ಉಳಿದ ಒಂದೂವರೆ ಅಡಿಗೆ ಒಂದಡಿ ಕಲ್ಲು. ಕಲ್ಲು 2 ಸೆಂ.ಮೀ. ದಪ್ಪ ಇದ್ದರೆ ಏಳು ಕಿಲೋ ದಾಟುತ್ತದೆ. ನಮಗೆ ಬೇಕಾದದ್ದೂ ಆ ಭಾರವೇ.

ಉಪಕರಣ: ಡ್ರಿಲ್, ಸೆಂಟರ್ ಪಂಚ್, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್, ಅರ, ಇಕ್ಕಳ, ಸ್ಕ್ರೂಡ್ರೈವರ್, ಎರಡು ಕ್ಲಾಂಪ್, ಉಪ್ಪುಕಾಗದ, ದೊಡ್ಡ ವಾಷರುಗಳು, 5 ಮತ್ತು 6 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟುಗಳು. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್.

ಬೆಂಗಳೂರಿನವರು ಶಿವಾಜಿನಗರದ ಗುಜರಿಗೆ, ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಒಂದು ಸುತ್ತು ಹೋಗಿಬನ್ನಿ. ಬೇರೆ ಊರಿನವರು ಬ್ಯಾಂಡ್ ಸೆಟ್‌ನವರನ್ನು ಕೇಳಿ. ಮದುವೆ ಸೀಸನ್ ಮುಗಿದ ಮೇಲೆ ಅವರ ಹತ್ತಿರ ನುಡಿಸಲಾಗದ ವಾದ್ಯ ಇದ್ದೇ ಇರುತ್ತದೆ. ಒಂದು ಗುಟ್ಟು: "ಶಿಲ್ಪ ಮಾಡ್ತೀನಿ" ಅನ್ನಬೇಡಿ. ಹಾಗಂದ ಕೂಡಲೇ ತೂಕದ ಲೆಕ್ಕ ಹೋಗಿ ಆಂಟಿಕ್ ಲೆಕ್ಕ ಶುರುವಾಗುತ್ತದೆ.

ಹಂತ 1: ಬಿಚ್ಚುವುದು

ಅಂಗಳದಲ್ಲೋ ತಾರಸಿಯಲ್ಲೋ ಕೂತು ಬಿಚ್ಚಿ. ಹಳೇ ಹಾರ್ಮೋನಿಯಂ ಒಳಗೆ ವರ್ಷಗಟ್ಟಲೆಯ ಧೂಳು, ಜಿರಳೆ, ಇಲಿ ಹಿಕ್ಕೆ ಎಲ್ಲ ಇರುತ್ತದೆ. ಮಾಸ್ಕ್ ಹಾಕದೆ ಮುಚ್ಚಳ ತೆಗೆಯಬೇಡಿ.

ಒಂದೊಂದು ಪದರ ಬಿಚ್ಚುವಾಗಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪ್ರತಿ ಕೀಗೂ ಒಂದು ಸಣ್ಣ ಸ್ಪ್ರಿಂಗ್ ಇರುತ್ತದೆ. ಕೀ ಎತ್ತಿದ ಕೂಡಲೇ ಅದು ಚಿಮ್ಮಬಹುದು, ಕನ್ನಡಕ ಹಾಕಿಕೊಂಡೇ ಎತ್ತಿ. 39 ಕೀಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 23 ಬಿಳಿ, 16 ಕಪ್ಪು ಇರುತ್ತವೆ. ಎಲ್ಲಕ್ಕೂ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ಹಳೇ ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿಡಿ. ಹಿತ್ತಾಳೆಯ ಅಷ್ಟು ಚಿಕ್ಕ ಸ್ಕ್ರೂ ಹೊಸದಾಗಿ ಸಿಗುವುದು ಕಷ್ಟ.

ತಂತಿವಾದ್ಯ ಬಿಚ್ಚುವವರು ಬಿಗಿಯಿರುವ ತಂತಿಯನ್ನು ಕತ್ತರಿಸಬೇಡಿ. ಬಿರಡೆ ತಿರುಗಿಸಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲ ಮಾಡಿ, ಆಮೇಲೆ ತೆಗೆಯಿರಿ.

ಡಗ್ಗಾದ ಚರ್ಮ ಬಿಚ್ಚಲು ಸುತ್ತಲಿನ ಬಾರನ್ನು ಕತ್ತರಿಸಿದರೆ ಸಾಕು. ಬಾರು ಎಸೆಯಬೇಡಿ, ಇನ್ನೊಂದು ಶಿಲ್ಪಕ್ಕೆ ಆಗುತ್ತದೆ.

ಮರದಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ತಟ್ಟಿದರೆ ಹಿಟ್ಟಿನಂಥ ಪುಡಿ ಕಂಡರೆ ಅದು ಕುಟ್ಟೆ ಹುಳ. ಅಂಥ ಮರ ಮನೆಯೊಳಗೆ ಬಂದರೆ ಕಿಟಕಿ ಚೌಕಟ್ಟಿಗೂ ಹತ್ತುತ್ತದೆ. ಹುಳ ಜಾಸ್ತಿ ಇದ್ದರೆ ಮರ ಬಿಟ್ಟುಬಿಡಿ, ಕೀ ಮತ್ತು ಲೋಹ ಮಾತ್ರ ಇಟ್ಟುಕೊಳ್ಳಿ. ಕಡಿಮೆ ಇದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹುಳದ ಔಷಧಿ ಬಳಿದು, ವಾರವಿಡೀ ಹೊರಗೇ ಒಣಗಿಸಿ.

ಎಚ್ಚರಿಕೆ: ಹಳೇ ಕೀಗಳ ಬಿಳಿ ಹೊದಿಕೆ ಸೆಲ್ಯುಲಾಯ್ಡ್ ಆಗಿರಬಹುದು. ಹಳೇ ಅಕಾರ್ಡಿಯನ್‌ಗಳಲ್ಲಂತೂ ಇದು ಮಾಮೂಲು. ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದೇ. ಅದನ್ನು ತಯಾರಿಸುವುದೇ ಕರ್ಪೂರ ಬೆರೆಸಿ, ಹೊತ್ತಿಕೊಳ್ಳುವುದೂ ಕರ್ಪೂರದ ಹಾಗೇ! ಬೆಂಕಿ ಹಚ್ಚಿ ಪರೀಕ್ಷೆ ಮಾಡುವ ಸಾಹಸ ಬೇಡ. ಹೀಟ್ ಗನ್, ಗ್ರೈಂಡರಿನ ಕಿಡಿ, ಸಾಲ್ಡರಿಂಗ್ ಕಡ್ಡಿ ಯಾವುದೂ ಅದರ ಹತ್ತಿರ ಬರಬಾರದು.

ಹಂತ 2: ತೊಳೆಯುವುದು, ಆದರೆ ಹೊಳೆಸುವುದಲ್ಲ

ಹಿತ್ತಾಳೆ, ತಾಮ್ರಕ್ಕೆ ನಮ್ಮ ಹುಣಸೆಹುಳಿ-ಉಪ್ಪಿಗಿಂತ ಒಳ್ಳೇದಿಲ್ಲ. ಆದರೆ ಹುಳಿ ಸಂದಿಯಲ್ಲಿ ಉಳಿದರೆ ನಾಲ್ಕೇ ದಿನಕ್ಕೆ ಹಸಿರು ಕಿಲುಬು ಹತ್ತುತ್ತದೆ. ಧಾರಾಳ ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಡಿ.

ದೇವರ ದೀಪದ ಹಾಗೆ ಥಳಥಳ ಮಾಡಲು ಹೋಗಬೇಡಿ. ಟ್ರಂಪೆಟ್ ಹಿಡಿದು ಹಿಡಿದು ಸವೆದ ಜಾಗ, ಡಗ್ಗಾದ ಮೇಲೆ ಅಂಗೈಯ ಗುರುತು ಇವೆಲ್ಲ ಹೊಸ ಸಾಮಾನಿನಲ್ಲಿ ಎಲ್ಲಿ ಸಿಗುತ್ತವೆ? ಹಸಿರು ಕಿಲುಬು ಹೋಗಲಿ. ಕಂದು ಬಣ್ಣ ಇರಲಿ.

ಹಂತ 3: ನೆಲದ ಮೇಲೆ ಹಕ್ಕಿ ಬಿಡಿಸಿ

ಡ್ರಿಲ್ ಮುಟ್ಟುವ ಮುಂಚೆ ಹಳೇ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಜೋಡಿಸಿ ನೋಡಿ. ಎರಡು ದಿನ ಹಾಗೇ ಬಿಡಿ. ಹೋಗ್ತಾ ಬರ್ತಾ ಕಣ್ಣಾಡಿಸಿ.

ಎಲ್ಲರೂ ಎಡವುವುದು ಇಲ್ಲೇ. ರಾಶಿಯಲ್ಲಿದ್ದದ್ದನ್ನೆಲ್ಲ ತುರುಕುತ್ತಾರೆ. ಪಿಕಾಸೊ 1942ರಲ್ಲಿ ಒಂದು ಸೈಕಲ್ ಸೀಟು, ಒಂದು ಹ್ಯಾಂಡಲ್ ಎರಡನ್ನೇ ಸೇರಿಸಿ ಗೂಳಿಯ ತಲೆ ಮಾಡಿದ. ಮೂರನೆಯ ವಸ್ತುವಿಲ್ಲ. ನೋಡಿದ ಕೂಡಲೇ ಗೂಳಿ, ಮರುಕ್ಷಣ ಸೈಕಲ್. ನಮಗೆ ಬೇಕಾದದ್ದೂ ಈ ಎರಡು ನೋಟ. ಹಕ್ಕಿ ಕಾಣಬೇಕು, ಹಾರ್ಮೋನಿಯಮ್ಮೂ ಕಾಣಬೇಕು. ಬಣ್ಣ ಬಳಿದು ವಾದ್ಯವನ್ನೇ ಮುಚ್ಚಿಬಿಟ್ಟರೆ ತಗಡಿನ ಕೊಕ್ಕರೆಗೂ ಇದಕ್ಕೂ ಏನು ವ್ಯತ್ಯಾಸ?

ಇನ್ನೊಂದು ಮಾತು. ವಾದ್ಯದ ಭಾಗವನ್ನು ಪಾದದ ಜಾಗದಲ್ಲಿ ಇಡಬೇಡಿ. ಕಾಲ ಕೆಳಗೆ ತಾಳವೋ ಕೀಯೋ ಕಂಡರೆ ನಮ್ಮ ಜನಕ್ಕೆ ಕಸಿವಿಸಿ ಆಗುತ್ತದೆ, ನನಗೂ ಆಗುತ್ತದೆ. ಪಾದಕ್ಕೆ ಸ್ಪ್ಯಾನರ್ ತಂದದ್ದು ಅದಕ್ಕೇ.

ಹಂತ 4: ತಲೆ ಮತ್ತು ಕೊಕ್ಕು

ಮೊದಲು ಟ್ರಂಪೆಟ್. ಹೂವಿನಂತೆ ಅರಳಿದ ಬಾಯಿಗೆ ಬೆಲ್ ಅನ್ನುತ್ತಾರೆ. ಬೆಲ್‌ನಿಂದ ಹೊರಟ ಕೊಳವೆ ನೇರ ಹೋಗಿ ಕೊಡೆ ಹಿಡಿಯ ಹಾಗೆ ಬಾಗುತ್ತದೆ. ನಮಗೆ ಬೇಕಾದ ಕುತ್ತಿಗೆ ಇದೇ. ಬಾಗು ಮುಗಿದು ನಾಲ್ಕು ಬೆರಳು ಬಿಟ್ಟು ಹ್ಯಾಕ್ಸಾದಲ್ಲಿ ಕತ್ತರಿಸಿ. ಕೊಳವೆ ತುಂಬ ತೆಳು. ನೇರವಾಗಿ ಕ್ಲಾಂಪ್‌ಗೆ ಸಿಕ್ಕಿಸಿದರೆ ಅಪ್ಪಚ್ಚಿ, ಬಟ್ಟೆ ಸುತ್ತಿ ಎರಡು ಮರದ ತುಂಡಿನ ನಡುವೆ ಹಿಡಿಯಿರಿ. ಪಕ್ಕದ ಕೊಳವೆಗಳನ್ನು ಟಾರ್ಚ್ ಬೆಂಕಿಯಲ್ಲಿ ಬಿಡಿಸುವ ಆಸೆ ಬೇಡ. ಹಿತ್ತಾಳೆಯಲ್ಲಿ ಸತುವಿದೆ, ಹಳೇ ಬೆಸುಗೆಯಲ್ಲಿ ಸೀಸವಿರಬಹುದು. ಸತು ಅತಿಯಾಗಿ ಕಾದು ಬರುವ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಗರಗಸವೇ ಸಾಕು.

ಕತ್ತರಿಸಿದ ತುದಿಯನ್ನು ಇಕ್ಕಳದಲ್ಲಿ ಮೆಲ್ಲಗೆ ಚಪ್ಪಟೆ ಮಾಡಿ, ಒಂದು 5.5 ಮಿ.ಮೀ. ತೂತು ಹಾಕಿ.

ಕೊಳಲನ್ನು ನಾರಿನ ಉದ್ದಕ್ಕೆ ಚಾಕು ಇಟ್ಟು ತಟ್ಟಿ ಎರಡು ಸೀಳು ಮಾಡಿ. ಬಿದಿರು ತಾನಾಗೇ ನೇರ ಸೀಳುತ್ತದೆ. ಸ್ವರದ ತೂತುಗಳಿರುವ ಸೀಳು ಮೇಲ್ಕೊಕ್ಕಾಗಲಿ, ಇನ್ನೊಂದು ಕೆಳಗೊಕ್ಕು. ಬುಡದಲ್ಲಿ ತೂತು ಹಾಕುವ ಮುಂಚೆ ಅಲ್ಲಿ ದಾರ ಬಿಗಿಯಾಗಿ ಸುತ್ತಿ. ಇಲ್ಲದಿದ್ದರೆ ಡ್ರಿಲ್ ಮುಟ್ಟಿದ ಕೂಡಲೇ ಬಿದಿರು ತುದಿತನಕ ಬಿರುಕು ಬಿಡುತ್ತದೆ.

ತಲೆಗೆ ಕೈತಾಳಗಳು. ಎರಡರ ಬಟ್ಟಲೂ ಒಂದಕ್ಕೊಂದು ಮುಖ ಮಾಡಿರಲಿ, ನಡುವೆ ಕೊಕ್ಕು ಮತ್ತು ಕುತ್ತಿಗೆಯ ತುದಿ. ದಾರ ಕಟ್ಟಲು ಇರುವ ನಡುತೂತಿನಲ್ಲಿ ಒಂದೇ ಬೋಲ್ಟ್ ಎಲ್ಲವನ್ನೂ ಹಾದುಹೋಗಲಿ. ಆ ಕಡೆ ಬೋಲ್ಟಿನ ತಲೆ, ಈ ಕಡೆ ಗುಂಡು ಮುಚ್ಚಳದ ನಟ್ಟು. ಕಣ್ಣು ಬೇರೆ ಮಾಡಬೇಕಿಲ್ಲ, ಬಂದೇಬಿಟ್ಟವು! ಬೋಲ್ಟ್ ಸ್ವಲ್ಪ ಸಡಿಲ ಮಾಡಿದರೆ ಕೊಕ್ಕನ್ನು ಮೇಲೆ ಕೆಳಗೆ ಮಾಡಬಹುದು.

ತಾಳಕ್ಕೆ ಹೊಸ ತೂತು ಹಾಕಬೇಡಿ, ಸುತ್ತಿಗೆಯಲ್ಲಿ ತಟ್ಟಲೂಬೇಡಿ. ಒಳ್ಳೇ ತಾಳ ಕಂಚಿನದ್ದು, ಅಂದರೆ ತಾಮ್ರ-ತವರದ ಮಿಶ್ರಣ. ಹಿತ್ತಾಳೆ ಬಾಗುತ್ತದೆ, ಕಂಚು ಒಡೆಯುತ್ತದೆ.

ಹಂತ 5: ಕುತ್ತಿಗೆಯನ್ನು ಮೈಗೆ ಕೂರಿಸುವುದು

ಡಗ್ಗಾವನ್ನು ಓರೆಯಾಗಿ ಹಿಡಿಯಿರಿ. ಅದರ ತಳ ಮುಂದಕ್ಕೂ ಮೇಲಕ್ಕೂ, ಬಾಯಿ ಹಿಂದಕ್ಕೂ ಕೆಳಕ್ಕೂ. ತಳ ಕೊಕ್ಕರೆಯ ಎದೆ, ಬಾಯಿ ಬಾಲದ ಜಾಗ. ಬೆಲ್ ಬಂದು ಕೂರಬೇಕಾದದ್ದು ಎದೆಯ ಮೇಲೆ.

ಇಲ್ಲಿ ಅಂಟು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು. ನನ್ನ ಮೊದಲ ಹಕ್ಕಿಯ ಕುತ್ತಿಗೆಯನ್ನು ಎಪಾಕ್ಸಿಯಲ್ಲಿ, ಅಂದರೆ ಎರಡು ಟ್ಯೂಬ್ ಕಲಸಿ ಹಚ್ಚುವ ಗಟ್ಟಿ ಅಂಟಿನಲ್ಲಿ, ಅಂಟಿಸಿ ಕಿಟಕಿ ಪಕ್ಕ ನಿಲ್ಲಿಸಿದ್ದೆ. ಏಪ್ರಿಲ್ ಬಿಸಿಲಿಗೆ ಹಿತ್ತಾಳೆ ಕಾದು, ಅಂಟು ಮೆತ್ತಗಾಗಿ, ಸಂಜೆ ಹೊತ್ತಿಗೆ ಹಕ್ಕಿ ತಲೆ ತಗ್ಗಿಸಿ ಕೂತಿತ್ತು. ಅವತ್ತಿನಿಂದ ಭಾರ ಹೊರುವ ಯಾವ ಜಾಗಕ್ಕೂ ನಾನು ಬರೀ ಅಂಟು ನಂಬುವುದಿಲ್ಲ. ಫೆವಿಕ್ವಿಕ್ ಅಂತೂ ಬೇಡವೇ ಬೇಡ.

ಸರಿಯಾದ ದಾರಿ ಹೀಗೆ. ಬೆಲ್‌ನ ಬಾಯಿಯೊಳಗೆ ಕೂರುವ ಹಾಗೆ ಪ್ಲೈವುಡ್‌ನಲ್ಲಿ ಒಂದು ಬಿಲ್ಲೆ ಕತ್ತರಿಸಿ. ಬಿಲ್ಲೆಗೆ ಎರಡು 6 ಮಿ.ಮೀ. ಬೋಲ್ಟುಗಳನ್ನು ಮೊದಲೇ ತೂರಿಸಿ. ಬೋಲ್ಟಿನ ತಲೆ ಬೆಲ್ ಕಡೆಗೆ, ಬಾಲ ಡಗ್ಗಾ ಕಡೆಗೆ. ಆಮೇಲೆ ಬಿಲ್ಲೆಯನ್ನು ಬೆಲ್ ಒಳಗೆ ಇಟ್ಟು ಹೊರಗಿನಿಂದ ಮೂರು ಚಿಕ್ಕ ಸ್ಕ್ರೂ ಬಿಗಿಯಿರಿ. ಬಿಲ್ಲೆ ಮೊದಲು ಬಿಗಿದರೆ ಬೋಲ್ಟ್ ತೂರಿಸಲು ದಾರಿಯೇ ಇರುವುದಿಲ್ಲ. ಎಲ್ಲವನ್ನೂ ಮತ್ತೆ ಬಿಚ್ಚಬೇಕು.

ಡಗ್ಗಾದಲ್ಲಿ ಅದಕ್ಕೆ ಸರಿಯಾಗಿ ಎರಡು ತೂತು. ತೂತು ಹಾಕುವ ಜಾಗದಲ್ಲಿ ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆಯಿರಿ, ಗುಂಡನೆಯ ಮೈಮೇಲೆ ಬಿಟ್ ಜಾರದಿರಲಿ ಅಂತ. ಒಳಗೆ ಮರದ ತುಂಡಿನ ಆಸರೆ ಕೊಡಿ. ಮೊದಲು 3 ಮಿ.ಮೀ., ಆಮೇಲೆ ದೊಡ್ಡದು, ನಿಧಾನ ವೇಗದಲ್ಲಿ. ಹಿತ್ತಾಳೆ ಬಿಟ್ಟನ್ನು ತಟಕ್ಕನೆ ಕಚ್ಚಿಕೊಂಡು ಗಿರ್ರನೆ ತಿರುಗಿಬಿಡುತ್ತದೆ. ಅದಕ್ಕೇ ಕೈಯಲ್ಲಿ ಹಿಡಿದು ಕೊರೆಯಬಾರದು, ಕ್ಲಾಂಪ್ ಹಾಕಲೇಬೇಕು. ಕೊರೆಯುವಾಗ ಕೈಗವಸು ಬೇಡ. ಜಡೆ, ದುಪಟ್ಟಾ, ಶಲ್ಯ ಎಲ್ಲ ಬಿಗಿಯಾಗಿ ಕಟ್ಟಿಕೊಳ್ಳಿ.

ಬೆಲ್ ಮತ್ತು ಡಗ್ಗಾ ನಡುವೆ ಸಂದು ಕಾಣುತ್ತದೆ, ಎರಡೂ ದುಂಡಗಿವೆಯಲ್ಲ. ಆ ಬಟ್ಟೆಯ ಸಿಂಬಿ ಈಗ ಬರಲಿ. ಮಧ್ಯೆ ಇಟ್ಟು ಬಿಗಿದರೆ ಸಂದು ಮುಚ್ಚುತ್ತದೆ, ಲೋಹಕ್ಕೆ ಲೋಹ ಉಜ್ಜುವುದಿಲ್ಲ, ನೋಡಲು ಕುತ್ತಿಗೆ ಬುಡದ ಪುಕ್ಕದ ಹಾಗೇ ಇರುತ್ತದೆ. ಸಿಂಬಿ ದೊಡ್ಡದಾದರೆ ಬಿಚ್ಚಿ ಚಿಕ್ಕದಾಗಿ ಸುತ್ತಿ. ಡಗ್ಗಾ ಒಳಗೆ ದೊಡ್ಡ ವಾಷರ್, ಸ್ಪ್ರಿಂಗ್ ವಾಷರ್, ನಟ್ಟು.

ಹಂತ 6: ರೆಕ್ಕೆ

ಹಾರ್ಮೋನಿಯಂ ಮುಚ್ಚಳದ ಹಲಗೆಯಿಂದ ಎರಡು ರೆಕ್ಕೆ ಆಕಾರ ಕತ್ತರಿಸಿ. ಕೀಗಳನ್ನು ಹೆಂಚು ಹೊದಿಸುವ ಹಾಗೆ ಜೋಡಿಸಬೇಕು. ರೆಕ್ಕೆಯ ತುದಿಯ ಸಾಲು ಮೊದಲು, ಅದರ ಮೇಲೆ ಅರ್ಧ ಕೂರುವಂತೆ ಮುಂದಿನದ್ದು. ಕಪ್ಪು ಕೀಗಳು ತುದಿಗೆ ಜಾಸ್ತಿ ಇರಲಿ, ಬಿಳಿ ಭುಜದ ಕಡೆಗೆ. ಹಕ್ಕಿಯಲ್ಲೂ ಹಾರುವ ಗರಿಗಳೇ ಕಪ್ಪು. ಪ್ರತಿ ಕೀಗೂ ಸ್ಕ್ರೂಗಿಂತ ಸಣ್ಣ ತೂತು ಮೊದಲೇ ಕೊರೆದುಕೊಳ್ಳಿ. ಹಳೇ ಮರ ಒಣಗಿ ಗರಿಗರಿಯಾಗಿರುತ್ತದೆ, ನೇರ ಸ್ಕ್ರೂ ತಿರುಗಿಸಿದರೆ ಸೀಳುತ್ತದೆ. ಮರಕ್ಕೆ ಮರ ಸೇರುವಲ್ಲಿ ಫೆವಿಕಾಲ್ ಸ್ವಲ್ಪ ಹಚ್ಚಿದರೆ ಒಳ್ಳೇದೇ.

ಒಂದೊಂದು ರೆಕ್ಕೆಗೂ ಎರಡೆರಡು ಬೋಲ್ಟ್. ಒಂದೇ ಹಾಕಿದರೆ ರೆಕ್ಕೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ.

ರೆಕ್ಕೆಗೆ ಹನ್ನೊಂದರಂತೆ ಬಿಳಿ ಕೀ ಹಾಕಿದರೆ ಒಂದು ಬಿಳಿ ಕೀ ಉಳಿಯುತ್ತದೆ. ಎತ್ತಿಡಿ.

ಹಂತ 7: ಕಾಲು ಎಲ್ಲಿ ಬರಬೇಕು?

ಹೆಚ್ಚಿನವರು ಕಾಲನ್ನೇ ಮೊದಲು ಹಾಕಿ, ಆಮೇಲೆ ಕುತ್ತಿಗೆ, ರೆಕ್ಕೆ ಹಾಕುತ್ತಾರೆ. ಕೊನೆಗೆ ಹಕ್ಕಿ ಮುಗ್ಗರಿಸುತ್ತದೆ. ಭಾರ ಎಲ್ಲಿದೆ ಅಂತ ತಿಳಿಯದೆ ಕಾಲು ಹಾಕಬಾರದು.

ಹಂತ 8ರಲ್ಲಿ ಹೇಳಿರುವ ಬಾಲವನ್ನು ಈಗಲೇ ಮಾಡಿಕೊಂಡು, ಸದ್ಯಕ್ಕೆ ಟೇಪಿನಲ್ಲಿ ಅಂಟಿಸಿ. ಹಕ್ಕಿಯ ಹೊಟ್ಟೆಗೆ ಅಗಲವಾದ ಬಟ್ಟೆಪಟ್ಟಿ ಹಾಕಿ ಮೇಲೆತ್ತಿ. ಮುಂದಕ್ಕೆ ವಾಲಿದರೆ ಪಟ್ಟಿಯನ್ನು ಮುಂದೆ ಸರಿಸಿ, ಹಿಂದಕ್ಕೆ ವಾಲಿದರೆ ಹಿಂದೆ. ನಿಮಗೆ ಬೇಕಾದ ಓರೆಯಲ್ಲೇ ಹಕ್ಕಿ ತೂಗಿ ನಿಂತಾಗ ಪಟ್ಟಿ ಇರುವ ಜಾಗಕ್ಕೆ ಗುರುತು ಹಾಕಿ. ಎರಡು ಕಾಲೂ ಆ ಗೆರೆಯ ಆಚೀಚೆ ಬರಬೇಕು. ಒಂದು ಕಾಲು ಎರಡು ಬೆರಳು ಮುಂದೆ, ಇನ್ನೊಂದು ಅಷ್ಟೇ ಹಿಂದೆ. ನಡೆಯುವ ಭಂಗಿಯೂ ಬರುತ್ತದೆ, ಹಿಂದೆ ಮುಂದೆ ಓಲಾಡುವುದೂ ತಪ್ಪುತ್ತದೆ.

ಥ್ರೆಡ್ ರಾಡನ್ನು ಸರಿಯಾಗಿ ಅರ್ಧ ಮಾಡಿ. ಹೊಟ್ಟೆಗೆ 10.5 ಮಿ.ಮೀ. ತೂತು ಬೇಕು. ತೆಳು ತಗಡಿಗೆ ಸ್ಟೆಪ್ ಬಿಟ್ ಒಳ್ಳೇದು. ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಈ ಬಿಟ್ ತೂತನ್ನು ಹರಿಯದೆ ದೊಡ್ಡದು ಮಾಡುತ್ತದೆ. ಹೊಟ್ಟೆಯೊಳಗೆ ಅದರ ದುಂಡು ಆಕಾರಕ್ಕೆ ಹೊಂದುವಂತೆ ಕೆತ್ತಿದ ಮರದ ದಿಮ್ಮಿ ಇಟ್ಟು, ರಾಡು ಅದನ್ನೂ ಹಾದುಬರಲಿ. ಮೇಲೊಂದು ನಟ್ಟು, ಹೊಟ್ಟೆಯ ಹೊರಗೊಂದು ನಟ್ಟು, ಎರಡೂ ಬಿಗಿ. ದಿಮ್ಮಿ ಇಲ್ಲದಿದ್ದರೆ ತೆಳು ತಗಡು ವರ್ಷದೊಳಗೆ ಒಳಕ್ಕೆ ಕುಸಿಯುತ್ತದೆ.

ಈಗ ರಾಡಿನ ಮೇಲೆ ತಾಮ್ರದ ಕೊಳವೆ ತೊಡಿಸಿ. ಎರಡು ತುಂಡಾಗಿ ಕತ್ತರಿಸಿ ನಡುವೆ ಒಂದು ದಪ್ಪ ನಟ್ಟು ಕೂರಿಸಿದರೆ ಅದೇ ಮಂಡಿ. ಕೆಳಗೆ ಸ್ಪ್ಯಾನರ್, ಅದರ ಉಂಗುರದೊಳಗೆ ರಾಡು. ಉಂಗುರ ದೊಡ್ಡದಿದ್ದರೆ ವಾಷರ್ ಹಾಕಿ.

ಕಲ್ಲಿಗೆ 12 ಮಿ.ಮೀ. ತೂತು ನೀವೇ ಕೊರೆಯಲು ಹೋಗಬೇಡಿ. ಗುರುತು ಹಾಕಿಕೊಂಡು ಗ್ರಾನೈಟ್ ಅಂಗಡಿಗೆ ಒಯ್ದರೆ ವಜ್ರದ ಬಿಟ್ಟಿನಲ್ಲಿ ಬೇಗ ಮಾಡಿಕೊಡುತ್ತಾರೆ. ಕಲ್ಲಿನ ಕೆಳಗೆ ವಾಷರ್, ನಟ್ಟು, ನಾಲ್ಕು ಮೂಲೆಗೆ ದಪ್ಪ ರಬ್ಬರ್ ಬುಷ್. ನಟ್ಟನ್ನು ಕಲ್ಲಿಗೆ ಜೋರಾಗಿ ಬಿಗಿದರೆ ಕಲ್ಲು ಚಟ್ಟನೆ ಒಡೆಯುತ್ತದೆ. ಮಧ್ಯೆ ರಬ್ಬರ್ ಇರಲಿ.

ನಿಲ್ಲಿಸಿ. ಕೊಕ್ಕಿನ ತುದಿಯನ್ನು ಒಂದು ಬೆರಳಲ್ಲಿ ತಳ್ಳಿ ಬಿಡಿ. ಅಲುಗಾಡಿ ನಿಂತರೆ ಸರಿ. ಕಲ್ಲೇ ಎದ್ದರೆ ಇನ್ನೂ ದೊಡ್ಡ ಕಲ್ಲು ಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಪರೀಕ್ಷೆಯನ್ನು ಎರಡು ಸಲ ಮಾಡಿ, ಕೊಕ್ಕಿನ ತುದಿಯನ್ನೂ ಅರದಲ್ಲಿ ಮೊಂಡು ಮಾಡಿ.

ಹಂತ 8: ಬಾಲ, ಎದೆ, ಮುಚ್ಚುವುದು

ಡಗ್ಗಾದ ಬಾಯಿ ಮುಚ್ಚುವ ಮುಂಚೆ ಒಳಗೆ ಕೈ ಹಾಕಿ ಪ್ರತಿ ನಟ್ಟನ್ನೂ ಇನ್ನೊಮ್ಮೆ ತಿರುಗಿಸಿ. ಮುಚ್ಚಿದ ಮೇಲೆ ಸಡಿಲವಾದರೆ ಹಕ್ಕಿ ಹೊಟ್ಟೆಯಿಂದ ಗಲಗಲ ಸದ್ದು ಬರುತ್ತಿರುತ್ತದೆ.

ಬಾಯಿ ಅಳತೆಯ ಪ್ಲೈವುಡ್ ಬಿಲ್ಲೆಗೆ ಹಾರ್ಮೋನಿಯಂ ತಿದಿಯ ಮಡಿಕೆಯನ್ನು ಬೀಸಣಿಗೆಯಂತೆ ಅರ್ಧ ಬಿಡಿಸಿ ಮೊಳೆ ಹೊಡೆಯಿರಿ. ಗಾಳಿ ತುಂಬುವ ಆ ಮಡಿಕೆಗೆ ಹಲವರು ಕೆಂಪು, ಗುಲಾಬಿ ಬಟ್ಟೆ ಹಾಕಿರುತ್ತಾರೆ. ಸಿಕ್ಕರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ಅಮ್ಮನ ಹಳೇ ಸೀರೆಯ ಗುಲಾಬಿ ಅಂಚು ಆದೀತು. ಬಿಲ್ಲೆಯನ್ನು ಅಂಚಿನಲ್ಲಿ ಮೂರು ಸ್ಕ್ರೂ ಹಾಕಿ ಕೂರಿಸಿ. ಅಂಟು ಬೇಡ, ಮುಂದೆ ಬಿಚ್ಚಬೇಕಾಗಿ ಬರಬಹುದು.

ಎದೆಯ ಮೇಲೆ ರೀಡುಗಳು, ಪುಕ್ಕದ ಹಾಗೆ. ಭಾರವಿಲ್ಲದ್ದರಿಂದ ಇಲ್ಲಿ ಮಾತ್ರ ಎಪಾಕ್ಸಿ ನಡೆಯುತ್ತದೆ. ರೀಡಿನ ಹಿಂಭಾಗ, ಡಗ್ಗಾದ ಮೈ ಎರಡನ್ನೂ ಉಪ್ಪುಕಾಗದದಲ್ಲಿ ಗೀರಿ, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಹಚ್ಚಿ. ಎಣ್ಣೆ ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಒಂದು ಇಡೀ ದಿನ ಮುಟ್ಟಬೇಡಿ. ಹದಿನೈದು ರೀಡು ಸಾಕು. ಪೂರ್ತಿ ಎದೆ ಮುಚ್ಚಿದರೆ ಹಕ್ಕಿ ಕವಚ ತೊಟ್ಟ ಸೈನಿಕನ ಹಾಗಾಗುತ್ತದೆ.

ಹಂತ 9: ಕಾಪಾಡುವುದು

ಒಳಗಿಡುವುದಾದರೆ ಲೋಹಕ್ಕೆ ತೆಳುವಾಗಿ ಮೇಣ ಸವರಿ ಒರೆಸಿದರೆ ಆಯಿತು. ಆರು ತಿಂಗಳಿಗೊಮ್ಮೆ ಸಾಕು. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇಷ್ಟು ಸಾಲದು. ಉಪ್ಪುಗಾಳಿಯಲ್ಲಿ ಕಬ್ಬಿಣ ಮತ್ತು ಹಿತ್ತಾಳೆ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ನೀವು ರಾಡನ್ನೂ ಸ್ಟೇನ್‌ಲೆಸ್‌ನದ್ದೇ ತನ್ನಿ, ಎಲ್ಲ ಸಂದಿಗೂ ರಬ್ಬರ್ ವಾಷರ್ ಹಾಕಿ, ಕೊನೆಗೆ ಪಾರದರ್ಶಕ ಲ್ಯಾಕರ್ ಸ್ಪ್ರೇ ಹೊಡೆಯಿರಿ. ಸ್ಪ್ರೇ ಬಯಲಿನಲ್ಲಿ, ಒಲೆ-ದೀಪದಿಂದ ದೂರ ಇರಲಿ. ಕೀಗಳ ಮೇಲೆ ಬೀಳದಂತೆ ಕಾಗದ ಮುಚ್ಚಿ.

ಹಕ್ಕಿಯನ್ನು ತೋಟದಲ್ಲಿ ಇಡಬಹುದಾ ಅಂತಲೂ ಕೇಳುತ್ತಾರೆ. ಬೇಡ. ಒಂದೇ ಮಳೆಗಾಲಕ್ಕೆ ತಿದಿ ಕೊಳೆತು, ಕೀಗಳ ಹೊದಿಕೆ ಎದ್ದುಬರುತ್ತದೆ. ಹೊರಗಿಡಲೇಬೇಕೆಂದರೆ ಮರ-ಬಟ್ಟೆ ಬಿಟ್ಟು ಬರೀ ಲೋಹದಲ್ಲಿ ಬೇರೆಯದೇ ಹಕ್ಕಿ ಮಾಡಿ. ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಸಿಮೆಂಟಿನ ಮೈಗೆ ಹೂತು ಮಾಡಿದ ಬೊಂಬೆಗಳು ಇವತ್ತಿಗೂ ಬಿಸಿಲು-ಮಳೆಯಲ್ಲಿ ನಿಂತಿವೆ. ಆ ತೋಟ 1976ರಲ್ಲಿ ಜನರಿಗೆ ತೆರೆಯಿತು. ಹೊರಗಿನ ಶಿಲ್ಪಕ್ಕೆ ಅವರ ಸಾಮಾನನ್ನು ನೋಡಿ ಕಲಿಯಬೇಕು.

ಇನ್ನು ಉಳಿದ ಆ ಒಂದು ಬಿಳಿ ಕೀ. ಅದರ ಹಿಂದಿನ ಮರದ ಮೇಲೆ ಅಳಿಸದ ಪೆನ್ನಿನಲ್ಲಿ ಬರೆಯಿರಿ: ಯಾರ ಹಾರ್ಮೋನಿಯಂ, ಯಾವ ಊರು, ಎಷ್ಟು ವರ್ಷ ನುಡಿಸಿದರು, ಯಾವ ವರ್ಷ ಬಿಚ್ಚಿದ್ದು. ಟ್ರಂಪೆಟ್, ಡಗ್ಗಾ ಯಾರದ್ದೆಂದು ಗೊತ್ತಿದ್ದರೆ ಅದನ್ನೂ ಸೇರಿಸಿ. ಬಾಲದ ಬಿಲ್ಲೆ ಬಿಚ್ಚಿ ಅದನ್ನು ಹೊಟ್ಟೆಯೊಳಗಿನ ದಿಮ್ಮಿಗೆ ಸ್ಕ್ರೂ ಹಾಕಿ ಕೂರಿಸಿ, ಮತ್ತೆ ಮುಚ್ಚಿ.